ಮಕ್ಕೊಲ್ಲಿ: ಕೊರಿಯಾದ ಅಕ್ಕಿ ಹೆಂಡ

ಮಕ್ಕೊಲ್ಲಿ ಕೊರಿಯಾದ ರೈತಾಪಿ ಜನರ ಅಕ್ಕಿ ಹೆಂಡ. ಹಬೆಯಲ್ಲಿ ಬೇಯಿಸಿದ ಅಕ್ಕಿ, ನೀರು ಮತ್ತು ನುರುಕ್ ಎಂಬ ಹುದುಗಿನ ಬಿಲ್ಲೆ, ಇಷ್ಟೇ ಅದರ ಸಾಮಗ್ರಿ. ಬಣ್ಣದಲ್ಲಿ ಅದು ಗಟ್ಟಿ ಅಕ್ಕಚ್ಚಿನಂತೆ ಬೆಳ್ಳಗೆ, ಮಬ್ಬಾಗಿರುತ್ತದೆ. ರುಚಿಯಲ್ಲಿ ಮೊದಲು ಸಿಹಿ, ಬೆನ್ನಿಗೇ ಹುಳಿ, ಕೊನೆಯಲ್ಲಿ ತುಸು ಕಹಿ. ನಾಲಿಗೆಯ ಮೇಲೆ ಸಣ್ಣ ಚುರುಚುರು. ಅಂಗಡಿಯಲ್ಲಿ ಸಿಗುವ ಮಕ್ಕೊಲ್ಲಿಯಲ್ಲಿ ಸಾಮಾನ್ಯವಾಗಿ ಶೇ. 6ರಿಂದ 8ರಷ್ಟು ಮದ್ಯಸಾರವಿರುತ್ತದೆ.

ಈ ಹೆಂಡವನ್ನು ನಾವಿಲ್ಲಿ ನೋಡುವುದು ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಉದ್ದನಪಲ್ಲಿಯಿಂದ. ಅದು ಹೊಸೂರು–ರಾಯಕೋಟೆ ರಸ್ತೆಯ ಊರು. ಸುತ್ತಲಿನದು ರಾಗಿಯ ಸೀಮೆ. ಕನ್ನಡ, ತೆಲುಗು, ತಮಿಳು ಮೂರೂ ಕೇಳಿಬರುವ ಗಡಿ. ಇಲ್ಲಿನ ಅಡುಗೆಮನೆಗೆ ಅಕ್ಕಿ ಹೆಂಡ ಹೊಸದು, ಆದರೆ ಹುದುಗಿಸುವ ವಿದ್ಯೆ ಹೊಸದಲ್ಲ. ಕೊರಿಯಾದ ಮಡಕೆಗೂ ಈ ಸೀಮೆಯ ಗಡಿಗೆಗೂ ಇಪ್ಪತ್ತನೆಯ ಶತಮಾನದ ಕಾನೂನುಗಳು ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಮುಚ್ಚಳ ಹಾಕಿದವು. ಅಲ್ಲಿ ಏನು ಉಳಿಯಿತು, ಇಲ್ಲಿ ಏನು ಉಳಿಯಿತು ಎಂಬುದನ್ನು ಕೂಡಿಸಿ ನೋಡಿದರೆ ಮಕ್ಕೊಲ್ಲಿಯ ಕಥೆ ನಮಗೂ ಹತ್ತಿರದ್ದಾಗುತ್ತದೆ.

ಮರದ ರಸ, ಧಾನ್ಯದ ಪಿಷ್ಟ

ಮದ್ಯಸಾರ ಹುಟ್ಟುವುದು ಸಕ್ಕರೆಯಿಂದ. ಯೀಸ್ಟ್ ಎಂಬ ಸೂಕ್ಷ್ಮಜೀವಿ ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ. ಈಚಲು, ತಾಳೆ, ತೆಂಗಿನ ರಸದಲ್ಲಿ ಸಕ್ಕರೆ ಮೊದಲೇ ಇರುತ್ತದೆ. ಹಾಗಾಗಿ ಮರದಿಂದ ಇಳಿದ ರಸ ಯಾರೂ ಏನೂ ಬೆರೆಸದಿದ್ದರೂ ಕೆಲವೇ ತಾಸಿನಲ್ಲಿ ನೊರೆಯೆದ್ದು ಹೆಂಡವಾಗುತ್ತದೆ. ಗಡಿಗೆಯ ಒಳಮೈಗೆ ಸುಣ್ಣ ಬಳಿದಿದ್ದರೆ ಮಾತ್ರ ಅದು ಹುಳಿಯದೆ ನೀರಾ ಆಗಿ ಉಳಿಯುತ್ತದೆ. ಅದನ್ನು ಕಾಯಿಸಿದರೆ ಬೆಲ್ಲ.

ಅಕ್ಕಿ, ರಾಗಿ, ಬಾರ್ಲಿಯಲ್ಲಿ ಇರುವುದು ಪಿಷ್ಟ. ಯೀಸ್ಟ್ ಪಿಷ್ಟವನ್ನು ನೇರವಾಗಿ ತಿನ್ನಲಾರದು. ಮೊದಲು ಯಾರಾದರೂ ಅದನ್ನು ಒಡೆದು ಸಕ್ಕರೆಯಾಗಿಸಬೇಕು. ಅದಕ್ಕೆ ಲೋಕದಲ್ಲಿ ಎರಡು ದೊಡ್ಡ ದಾರಿಗಳಿವೆ. ಒಂದು, ಧಾನ್ಯವನ್ನು ಮೊಳಕೆ ಬರಿಸುವುದು: ಮೊಳೆಯುವ ಕಾಳು ತನ್ನ ಪಿಷ್ಟವನ್ನು ಒಡೆಯುವ ಎನ್‌ಜೈಮನ್ನು ತಾನೇ ಉಂಟುಮಾಡುತ್ತದೆ. ಯುರೋಪಿನ ಬಾರ್ಲಿ ಬಿಯರ್ ಈ ದಾರಿಯದು. ಇನ್ನೊಂದು, ಬೂಷ್ಟನ್ನು ಬೆಳೆಸಿ ಅದರಿಂದ ಆ ಕೆಲಸ ಮಾಡಿಸುವುದು. ಚೀನಾ, ಜಪಾನ್, ಕೊರಿಯಾ ಹಿಡಿದದ್ದು ಈ ದಾರಿ. ನಮ್ಮಲ್ಲಿ ಕೂಸಿಗೆ ರಾಗಿ ಸರಿ ಮಾಡುವ ತಾಯಂದಿರು ಮೊದಲ ದಾರಿಯನ್ನು ಬಲ್ಲವರು. ಮೊಳಕೆ ಕಟ್ಟಿ ಒಣಗಿಸಿದ ರಾಗಿಯ ಸರಿ ಬೇಗ ತೆಳ್ಳಗಾಗಿ, ತಂತಾನೇ ತುಸು ಸಿಹಿಯಾಗುವುದಕ್ಕೆ ಆ ಎನ್‌ಜೈಮೇ ಕಾರಣ.

ನುರುಕ್

ಮಕ್ಕೊಲ್ಲಿಯ ಜೀವ ನುರುಕ್‌ನಲ್ಲಿದೆ. ಗೋಧಿಯನ್ನು ತರಿತರಿಯಾಗಿ ಒಡೆದು, ಉಂಡೆ ನಿಲ್ಲುವಷ್ಟು ಮಾತ್ರ ನೀರು ಚಿಮುಕಿಸಿ, ಬಟ್ಟೆಯಲ್ಲಿ ಸುತ್ತಿ ಅಚ್ಚಿನಲ್ಲಿಟ್ಟು ಹಿಮ್ಮಡಿಯಿಂದ ತುಳಿದು ಗಟ್ಟಿ ಬಿಲ್ಲೆ ಮಾಡುತ್ತಾರೆ. ಹುಲ್ಲಿನ ನಡುವೆ, ಬೆಚ್ಚನೆಯ ಕೋಣೆಯಲ್ಲಿ ಕೆಲವು ವಾರ ಇಟ್ಟಾಗ ಗಾಳಿಯಲ್ಲೂ ಹುಲ್ಲಿನಲ್ಲೂ ಇರುವ ಸೂಕ್ಷ್ಮಜೀವಿಗಳು ಅದರಲ್ಲಿ ನೆಲೆಸುತ್ತವೆ. ಆಸ್ಪರ್ಜಿಲಸ್, ರೈಜೋಪಸ್ ಜಾತಿಯ ಬೂಷ್ಟುಗಳು ಪಿಷ್ಟ ಒಡೆಯುತ್ತವೆ. ಯೀಸ್ಟ್ ಮದ್ಯಸಾರ ಮಾಡುತ್ತದೆ. ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಹುಳಿ ಕೊಟ್ಟು ಕೆಟ್ಟ ಜೀವಿಗಳು ಬೆಳೆಯದಂತೆ ಕಾಯುತ್ತದೆ.

ಜಪಾನಿನ ಸಾಕೆಗೆ ಬಳಸುವ ಕೋಜಿಯಲ್ಲಿ ಆಯ್ದ ಒಂದೇ ಬೂಷ್ಟನ್ನು ಅಕ್ಕಿಯ ಮೇಲೆ ಬೆಳೆಸುತ್ತಾರೆ. ಅದರ ರುಚಿ ನಯ, ಶುದ್ಧ. ನುರುಕ್‌ನಲ್ಲಿ ಹಲವು ಜೀವಿಗಳ ಕೂಟವಿದೆ. ಆದ್ದರಿಂದ ಊರು, ಋತು, ಮಾಡುವ ಕೈ ಬದಲಾದಂತೆ ಮಕ್ಕೊಲ್ಲಿಯ ಘಮವೂ ಬದಲಾಗುತ್ತದೆ. ಬುಸಾನ್ ನಗರದ ಕುಮ್‌ಜೊಂಗ್ ಬೆಟ್ಟದ ಕೋಟೆಯೊಳಗಿನ ಹಳ್ಳಿಯಲ್ಲಿ ಹೆಂಗಸರು ಇಂದಿಗೂ ಕಾಲಿನಿಂದ ತುಳಿದು ಅಗಲವಾದ, ತೆಳ್ಳನೆಯ ನುರುಕ್ ಮಾಡುತ್ತಾರೆ. ಅಲ್ಲಿನ ಮಕ್ಕೊಲ್ಲಿಯ ಢಾಳಾದ ಹುಳಿಗೆ ಆ ಬಿಲ್ಲೆಯೇ ಮೂಲ.

ಮಾಡುವ ಬಗೆ

ಅಕ್ಕಿಯನ್ನು ತೊಳೆದ ನೀರು ತಿಳಿಯಾಗುವವರೆಗೆ ಮತ್ತೆ ಮತ್ತೆ ತೊಳೆಯುತ್ತಾರೆ. ಕೆಲವು ತಾಸು ನೆನೆಸಿ, ನೀರು ಬಸಿದು, ಹಬೆಯಲ್ಲಿ ಬೇಯಿಸುತ್ತಾರೆ. ಊಟದ ಅನ್ನದ ಮೆದು ಇದಕ್ಕೆ ಬೇಡ. ಕಾಳು ಕಾಳಾಗಿ, ಹೊರಗೆ ಗಡುಸಾಗಿ, ಒಳಗೆ ಬೆಂದಿರಬೇಕು. ಈ ಅನ್ನವನ್ನು ಹರವಿ ಪೂರ್ತಿ ಆರಿಸುತ್ತಾರೆ. ಬಿಸಿ ಉಳಿದಿದ್ದರೆ ಯೀಸ್ಟ್ ಸಾಯುತ್ತದೆ.

ಆರಿದ ಅನ್ನಕ್ಕೆ ಪುಡಿಮಾಡಿದ ನುರುಕ್ ಮತ್ತು ನೀರು ಸೇರಿಸಿ ಕೈಯಿಂದ ಚೆನ್ನಾಗಿ ಹಿಸುಕಿ, ಒಂಗ್ಗಿ ಎಂಬ ಮಣ್ಣಿನ ಜಾಡಿಗೆ ತುಂಬುತ್ತಾರೆ. ಬಾಯಿಗೆ ಬಟ್ಟೆ ಕಟ್ಟಿ 20ರಿಂದ 25 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ಇಡುತ್ತಾರೆ. ಮೊದಲ ದಿನಗಳಲ್ಲಿ ದಿನಕ್ಕೆ ಒಂದೆರಡು ಬಾರಿ ಕಲಕುತ್ತಾರೆ. ಎರಡನೆಯ ದಿನದ ಹೊತ್ತಿಗೆ ಜಾಡಿಗೆ ಕಿವಿಯಿಟ್ಟರೆ ಮಳೆಹನಿ ಬಿದ್ದಂಥ ಸದ್ದು ಕೇಳುತ್ತದೆ. ಗುಳ್ಳೆಗಳ ಸದ್ದು ಅದು. ವಾರದಿಂದ ಹತ್ತು ದಿನದೊಳಗೆ ಗುಳ್ಳೆ ಅಡಗಿ, ಅನ್ನದ ಕಾಳುಗಳು ತಳಕ್ಕಿಳಿಯುತ್ತವೆ.

ಇಲ್ಲಿ ಪಿಷ್ಟ ಸಕ್ಕರೆಯಾಗುವುದೂ ಸಕ್ಕರೆ ಮದ್ಯಸಾರವಾಗುವುದೂ ಒಂದೇ ಮಡಕೆಯಲ್ಲಿ, ಒಂದೇ ಹೊತ್ತಿನಲ್ಲಿ ನಡೆಯುತ್ತವೆ. ಸಕ್ಕರೆ ಹುಟ್ಟಿದಷ್ಟೂ ಯೀಸ್ಟ್ ತಿನ್ನುತ್ತ ಹೋಗುವುದರಿಂದ ಅದಕ್ಕೆ ಅತಿ ಸಿಹಿಯ ಬಾಧೆ ತಟ್ಟುವುದಿಲ್ಲ. ಹೀಗಾಗಿ ಬಟ್ಟಿ ಇಳಿಸದೆಯೇ ಮೂಲ ಹೆಂಡ ಶೇ. 15ರ ಆಸುಪಾಸು ಮುಟ್ಟುತ್ತದೆ. ಸಾಧಾರಣ ಬಿಯರ್ ಶೇ. 5ರ ಹತ್ತಿರವೇ ನಿಲ್ಲುತ್ತದೆ.

ಒಂದೇ ಸಲ ಅನ್ನ ಹಾಕಿದರೆ ಅದು ಒಂಟಿ ಹುದುಗು. ಮೊದಲು ಅಕ್ಕಿ ಹಿಟ್ಟಿನ ಗಂಜಿಯಲ್ಲಿ ಯೀಸ್ಟ್ ಬೆಳೆಸಿಕೊಂಡು, ಆಮೇಲೆ ಅನ್ನ ಕೂಡಿಸಿದರೆ ಎರಡು ಹಂತದ್ದು. ಮೂರು ಹಂತದ್ದೂ ಉಂಟು. ಹಂತ ಹೆಚ್ಚಿದಂತೆ ಹೂವು ಹಣ್ಣಿನ ಪರಿಮಳ ಹೆಚ್ಚುತ್ತದೆ, ಕಾಯುವ ದಿನಗಳೂ ಹೆಚ್ಚುತ್ತವೆ.

ಒಂದು ಜಾಡಿ, ಹಲವು ಪಾನೀಯ

ಹುದುಗು ಮುಗಿದ ಜಾಡಿಯಲ್ಲಿ ಮೇಲೆ ತಿಳಿ, ಕೆಳಗೆ ಗಸಿ ನಿಲ್ಲುತ್ತದೆ. ಮೇಲಿನ ತಿಳಿ ಹೊಂಬಣ್ಣದ ಚೊಂಗ್‌ಜು. ಹಿಂದಿನ ಕಾಲದಲ್ಲಿ ಅದು ಪಿತೃಪೂಜೆಗೆ, ಯಾಂಗ್‌ಬಾನ್ ಎಂಬ ಮೇಲ್ವರ್ಗದವರ ಪಂಕ್ತಿಗೆ ಮೀಸಲು. ಉಳಿದ ಗಸಿಗೆ ನೀರು ಬೆರೆಸಿ, ಹಿಸುಕಿ, ಒರಟಾಗಿ ಸೋಸಿದರೆ ಮಕ್ಕೊಲ್ಲಿ. ಗದ್ದೆಯಲ್ಲಿ ದುಡಿಯುವವರ ಪಾಲಿಗೆ ಬಂದದ್ದು ಇದು. ನಾಟಿ, ಕಳೆ, ಕೊಯ್ಲಿನ ನಡುವೆ ಬುತ್ತಿಯ ಜೊತೆ ಇದನ್ನು ಕುಡಿಯುವ ರೂಢಿಯಿದ್ದುದರಿಂದ ರೈತರ ಹೆಂಡವೆಂದೇ ಹೆಸರಾಯಿತು. ಅನ್ನದ ಕಾಳುಗಳು ಮೇಲೆ ತೇಲುತ್ತಿರುವಾಗಲೇ ಮೊಗೆದದ್ದು ದೊಂಗ್‌ದೊಂಗ್‌ಜು. ಹುದುಗಿದ್ದನ್ನು ಬಟ್ಟಿ ಇಳಿಸಿದರೆ ಸಾಂಪ್ರದಾಯಿಕ ಸೋಜು. ಶುಂಠಿ, ದಾಲ್ಚಿನ್ನಿ, ಬೋರೆಹಣ್ಣು ಹಾಕಿ ಕುದಿಸಿದರೆ ಜೊಂಜು ಊರಿನ ಮೋಜು. ಕುದಿಯುವಾಗ ಮದ್ಯಸಾರ ಬಹುಪಾಲು ಹಾರಿಹೋಗುತ್ತದೆ.

ಹಳೆಯದಾಗಿ ಹುಳಿ ಮೀರಿದ ಮಕ್ಕೊಲ್ಲಿಯನ್ನೂ ಚೆಲ್ಲುವುದಿಲ್ಲ, ಅದು ವಿನೆಗರ್ ಆಗುತ್ತದೆ. ಮಕ್ಕೊಲ್ಲಿಯಿಂದ ಗೋಧಿ ಹಿಟ್ಟು ಉಬ್ಬಿಸಿ ಹಬೆಯಲ್ಲಿ ಬೇಯಿಸುವ ಮೆತ್ತನೆಯ ರೊಟ್ಟಿಯೂ ಅಲ್ಲಿ ಜನಪ್ರಿಯ. ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಶೇಂದಿ ಬೆರೆಸಿ ಸಾನ್ನಾ ಉಬ್ಬಿಸುವ ವಿಧಾನ ಇದಕ್ಕೆ ಸರಿಜೋಡಿ.

ಸವಿಯುವ ರೀತಿ

ಮಕ್ಕೊಲ್ಲಿ ಎರಡು ಬಗೆಯಾಗಿ ಸಿಗುತ್ತದೆ. ಜೀವಂತ ಮಕ್ಕೊಲ್ಲಿಯಲ್ಲಿ ಯೀಸ್ಟ್ ಇನ್ನೂ ಕೆಲಸ ಮಾಡುತ್ತಿರುತ್ತದೆ. ಅದನ್ನು ತಣ್ಣಗೆ ಇಟ್ಟು ಕೆಲವು ವಾರದೊಳಗೆ ಮುಗಿಸಬೇಕು. ಮೊದಲ ದಿನಗಳಲ್ಲಿ ಸಿಹಿ ಮುಂದು, ದಿನ ಕಳೆದಂತೆ ಹುಳಿ ಮುಂದು. ಕಾಯಿಸಿ ಯೀಸ್ಟ್ ನಿಲ್ಲಿಸಿದ್ದು ತಿಂಗಳುಗಟ್ಟಲೆ ಬಾಳುತ್ತದೆ, ದೂರದ ದೇಶಗಳಿಗೂ ಹೋಗುತ್ತದೆ. ಆದರೆ ರುಚಿಯ ಚುರುಕು ಕಡಿಮೆ. ಅಗ್ಗದ ಬಾಟಲಿಗಳಲ್ಲಿ ಸಿಹಿಗಾಗಿ ಆಸ್ಪರ್ಟೇಮ್ ಸೇರಿಸುವುದು ಸಾಮಾನ್ಯ. ಬರೀ ಅಕ್ಕಿ, ನೀರು, ನುರುಕ್‌ನ ರುಚಿ ತಿಳಿಯಬೇಕೆನ್ನುವವರು ಬಾಟಲಿಯ ಮೇಲಿನ ಪಟ್ಟಿಯನ್ನು ಓದಿಕೊಳ್ಳುತ್ತಾರೆ.

ಗಸಿ ತಳದಲ್ಲಿ ಕೂರುವುದರಿಂದ ಬಾಟಲಿಯನ್ನು ಮೆಲ್ಲಗೆ ಮಗುಚಿ ಬೆರೆಸಬೇಕು. ಜೋರಾಗಿ ಕುಲುಕಿದರೆ ಒಳಗಿನ ಅನಿಲಕ್ಕೆ ಉಕ್ಕಿ ಚೆಲ್ಲುತ್ತದೆ. ಲೋಟಕ್ಕಿಂತ ಅಗಲ ಬಾಯಿಯ ಬಟ್ಟಲು ರೂಢಿ. ಹಳೆಯ ಮಾದರಿಯ ಹೋಟೆಲುಗಳಲ್ಲಿ ಹಳದಿ ಬಣ್ಣದ ಅಲ್ಯೂಮಿನಿಯಂ ಕೆಟಲಿನಿಂದ ಬಟ್ಟಲಿಗೆ ಬಗ್ಗಿಸುತ್ತಾರೆ.

ಹಿರಿಯರಿಗೆ ಎರಡೂ ಕೈಯಿಂದ ಬಗ್ಗಿಸಬೇಕು, ಅವರು ಕೊಟ್ಟದ್ದನ್ನು ಎರಡೂ ಕೈಯಿಂದ ತೆಗೆದುಕೊಳ್ಳಬೇಕು. ಕುಡಿಯುವಾಗ ಅವರ ಕಡೆಯಿಂದ ಮುಖವನ್ನು ತುಸು ಹೊರಳಿಸಬೇಕು. ತನ್ನ ಬಟ್ಟಲಿಗೆ ತಾನೇ ಬಗ್ಗಿಸಿಕೊಳ್ಳದೆ ಪಕ್ಕದವರಿಗೆ ಬಗ್ಗಿಸುವುದು ಅಲ್ಲಿನ ಮರ್ಯಾದೆ. ಜೊತೆಗೆ ತಿನ್ನಲು ಏನಾದರೂ ಇರಲೇಬೇಕು: ಎಳೆ ಈರುಳ್ಳಿ ಗಿಡ ಹಾಕಿ ಕಾವಲಿಯ ಮೇಲೆ ಹುಯ್ದ ಪಾಜೊನ್, ಹೆಸರುಬೇಳೆ ರುಬ್ಬಿ ಕರಿದ ಬಿಂದೆತ್ತೊಕ್, ಕಿಮ್ಚಿಯ ಜೊತೆ ಸೋಯಾ ಪನೀರು. ಹೆಸರುಬೇಳೆಯ ದೋಸೆ ತಿಂದವರಿಗೆ ಬಿಂದೆತ್ತೊಕ್ ಪರಕೀಯ ಎನಿಸದು. ಮಳೆ ಬಂದ ದಿನ ಪಾಜೊನ್ ಮತ್ತು ಮಕ್ಕೊಲ್ಲಿ ಎಂಬುದು ಕೊರಿಯಾದ ಮನೆಮಾತು.

ಕೊರಿಯಾದ ಕಾನೂನು, ಮನೆಯ ಮಡಕೆ

ಚೊಸೊನ್ ಅರಸರ ಕಾಲದಲ್ಲಿ ಹೆಂಡ ಮಾಡುವುದು ಮನೆಯ ಹೆಂಗಸರ ವಿದ್ಯೆ. 1670ರ ಸುಮಾರಿಗೆ ಜಾಂಗ್ ಗ್ಯೆಹ್ಯಾಂಗ್ ಎಂಬ ಗೃಹಿಣಿ ತನ್ನ ಹೆಣ್ಣುಮಕ್ಕಳಿಗಾಗಿ ಬರೆದ ‘ಉಮ್‌ಸಿಕ್ ತಿಮಿಬಾಂಗ್’ ಎಂಬ ಅಡುಗೆ ಪುಸ್ತಕದಲ್ಲಿ ಹತ್ತಾರು ಬಗೆಯ ಹೆಂಡಗಳ ವಿಧಾನವಿದೆ. ಮನೆಗೊಂದು ರುಚಿ, ಸೊಸೆಯಿಂದ ಸೊಸೆಗೆ ದಾಟುವ ಕೈಗುಣ.

1909ರಲ್ಲಿ ಜಪಾನಿನ ಹಿಡಿತದಲ್ಲಿ ಮದ್ಯ ತೆರಿಗೆ ಕಾನೂನು ಬಂತು. 1916ರಲ್ಲಿ ಅದು ಬಿಗಿಯಾಯಿತು. 1934ರ ಹೊತ್ತಿಗೆ ಮನೆಯಲ್ಲಿ ಮಾಡುವ ಪರವಾನಗಿಯೇ ಇಲ್ಲವಾಯಿತು. ಹೆಂಡ ಅಡುಗೆಮನೆಯಿಂದ ಕಾರ್ಖಾನೆಗೆ ಹೋಯಿತು. ಸ್ವಾತಂತ್ರ್ಯದ ನಂತರವೂ ಮನೆಯ ಜಾಡಿಗೆ ಬಿಡುಗಡೆ ಸಿಗಲಿಲ್ಲ. ಯುದ್ಧದಿಂದ ಬಡವಾದ ದೇಶದಲ್ಲಿ ಅಕ್ಕಿ ಉಳಿಸಬೇಕಿತ್ತು. 1965ರಲ್ಲಿ ಮಕ್ಕೊಲ್ಲಿಗೆ ಅಕ್ಕಿ ಬಳಸುವುದನ್ನೇ ನಿಷೇಧಿಸಿದರು. ಆಮದು ಗೋಧಿ ಹಿಟ್ಟಿನಿಂದ ಮಾಡಿದ ಮಕ್ಕೊಲ್ಲಿ ರುಚಿಗೆಟ್ಟಿತು. ಜನ ಬಿಯರ್‌ಗೂ ಅಗ್ಗದ ಸೋಜುಗೂ ತಿರುಗಿಕೊಂಡರು. ಹೆಚ್ಚು ಇಳುವರಿಯ ಭತ್ತದ ತಳಿಗಳು ಬಂದ ಮೇಲೆ 1977ರಲ್ಲಿ ಅಕ್ಕಿಗೆ ಅನುಮತಿ ಸಿಕ್ಕರೂ ಅದು ನೆಲೆಗೊಳ್ಳಲು 1990ರ ದಶಕದವರೆಗೆ ಕಾಯಬೇಕಾಯಿತು. 1995ರಲ್ಲಿ ಸ್ವಂತಕ್ಕೆ ಮನೆಯಲ್ಲಿ ಮಾಡಿಕೊಳ್ಳುವುದು ಮತ್ತೆ ಕಾನೂನುಬದ್ಧವಾಯಿತು.

ಅಷ್ಟರಲ್ಲಿ ಎರಡು ತಲೆಮಾರು ಕಳೆದಿತ್ತು. ಹಳೆಯ ಪುಸ್ತಕಗಳನ್ನು ಓದಿ, ಹಳ್ಳಿಯ ಅಜ್ಜಿಯರನ್ನು ಕೇಳಿ, ಸಂಶೋಧಕರೂ ಯುವಕರೂ ವಿಧಾನಗಳನ್ನು ಒಂದೊಂದಾಗಿ ಹೆಕ್ಕಿದರು. 2009ರ ಸುಮಾರಿಗೆ ಮಕ್ಕೊಲ್ಲಿಯ ಹೊಸ ಅಲೆ ಎದ್ದಿತು. 2011ರಿಂದ ಅಕ್ಟೋಬರ್ ತಿಂಗಳ ಕೊನೆಯ ಗುರುವಾರ ಮಕ್ಕೊಲ್ಲಿ ದಿನ. 2021ರಲ್ಲಿ ಮಕ್ಕೊಲ್ಲಿ ಮಾಡುವ ವಿದ್ಯೆಯನ್ನು ಕೊರಿಯಾ ಸರ್ಕಾರ ರಾಷ್ಟ್ರೀಯ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಇಡೀ ಜನತೆಯ ವಿದ್ಯೆಯಾದ್ದರಿಂದ ಯಾವೊಬ್ಬ ವ್ಯಕ್ತಿಯನ್ನೂ ಅದರ ವಾರಸುದಾರ ಎಂದು ಹೆಸರಿಸಲಿಲ್ಲ.

ಹೊಸೂರು ಸೀಮೆಯ ಗಡಿಗೆ

ಉದ್ದನಪಲ್ಲಿಯ ಸುತ್ತಲಿನ ಸೀಮೆಯಲ್ಲಿ ಹಳ್ಳಕೊಳ್ಳ, ಕೆರೆ ಅಂಗಳದ ಈಚಲ ಮರವೇ ಹಳೆಯ ಹೆಂಡದ ಮೂಲ. ಸುಳಿಯ ಕೆಳಗಿನ ಕಾಂಡವನ್ನು ಕೆತ್ತಿ, ಗಡಿಗೆ ಕಟ್ಟಿ ರಸ ಇಳಿಸುವುದು ಕನ್ನಡ ಸೀಮೆಯಲ್ಲಿ ಈಡಿಗರ ಕಸುಬು. ಮರಕ್ಕೆ ಗಾಯ ಹೆಚ್ಚಾಗದಂತೆ ಕೆತ್ತುವುದೂ ಒಂದು ವಿದ್ಯೆಯೇ.

ದೇಶದ ಪಾನನಿಷೇಧದ ಇತಿಹಾಸದಲ್ಲಿ ಈ ಸೀಮೆಗೆ ವಿಶೇಷ ಸ್ಥಾನವಿದೆ. ಹೊಸೂರಿನ ಬಳಿಯ ತೊರಪಳ್ಳಿ, ರಾಜಾಜಿ ಎಂದೇ ಹೆಸರಾದ ಚಕ್ರವರ್ತಿ ರಾಜಗೋಪಾಲಾಚಾರಿಯವರು 1878ರಲ್ಲಿ ಹುಟ್ಟಿದ ಊರು. ರಾಜಾಜಿಯವರು ಮದ್ರಾಸ್ ಪ್ರಾಂತದ ಪ್ರಧಾನಿಯಾದ ಮೇಲೆ 1937ರ ಅಕ್ಟೋಬರ್ 1ರಂದು ಪಾನನಿಷೇಧವನ್ನು ಮೊದಲು ಜಾರಿಗೆ ತಂದದ್ದು ಸೇಲಂ ಜಿಲ್ಲೆಯಲ್ಲಿ. ಆಗ ಹೊಸೂರು, ಕೃಷ್ಣಗಿರಿಗಳೆಲ್ಲ ಸೇಲಂ ಜಿಲ್ಲೆಯ ಒಳಗೇ ಇದ್ದವು. ಧರ್ಮಪುರಿ ಬೇರೆ ಜಿಲ್ಲೆಯಾದದ್ದು 1965ರಲ್ಲಿ, ಅದರಿಂದ ಕೃಷ್ಣಗಿರಿ ಒಡೆದದ್ದು 2004ರಲ್ಲಿ. ಕೂಲಿಯ ದುಡ್ಡು ಹೆಂಡದಂಗಡಿಗೆ ಹೋಗಿ ಮಕ್ಕಳು ಹಸಿದು ಮಲಗುವುದನ್ನು ತಿರುಚೆಂಗೋಡಿನ ಆಶ್ರಮದ ದಿನಗಳಲ್ಲಿ ಕಂಡಿದ್ದವರು ರಾಜಾಜಿ. ಅಬಕಾರಿ ಆದಾಯ ಬಿಟ್ಟದ್ದಕ್ಕೆ ಬದಲಾಗಿ 1939ರಲ್ಲಿ ಅವರು ಮಾರಾಟ ತೆರಿಗೆಯನ್ನು ತಂದರು. 1948ರ ಅಕ್ಟೋಬರ್ 2ರ ಹೊತ್ತಿಗೆ ನಿಷೇಧ ಇಡೀ ಪ್ರಾಂತಕ್ಕೆ ಹಬ್ಬಿತು.

1971ರಲ್ಲಿ ತಮಿಳುನಾಡಿನ ಕರುಣಾನಿಧಿ ಸರ್ಕಾರ ನಿಷೇಧ ತೆಗೆಯಿತು. ಮೂರು ವರ್ಷದೊಳಗೆ ಹೆಂಡ, ಸಾರಾಯಿ ಅಂಗಡಿಗಳು ಮತ್ತೆ ಮುಚ್ಚಿದವು. 1981ರಲ್ಲಿ ಎಂ.ಜಿ. ರಾಮಚಂದ್ರನ್ ಸರ್ಕಾರದಲ್ಲಿ ತೆರೆದು, 1987ರ ಜನವರಿ 1ರಿಂದ ಮತ್ತೆ ನಿಂತವು. 2003ರಿಂದ ಬಾಟಲಿ ಮದ್ಯದ ಚಿಲ್ಲರೆ ಮಾರಾಟ ಸರ್ಕಾರದ ಟಾಸ್ಮಾಕ್ ನಿಗಮದ ಕೈಯಲ್ಲಿದೆ. ಗಡಿಯಾಚೆ ಕರ್ನಾಟಕ 2007ರ ಜುಲೈ 1ರಿಂದ ಸಾರಾಯಿ ನಿಲ್ಲಿಸಿತು. ಮರು ವರ್ಷ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರ ಮತ್ತು ಕೃಷ್ಣಗಿರಿ ಜಿಲ್ಲೆಗಳಲ್ಲಿ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ಬಹುಪಾಲು ಬಡ ಕೂಲಿಗಳು. ಮರದಿಂದ ಇಳಿದ ಹೆಂಡ ಹೋಗಿ ಅದರ ಜಾಗಕ್ಕೆ ಇನ್ನೂ ಬಿರುಸಾದದ್ದು, ವಿಷ ಬೆರೆತದ್ದು ಬಂದರೆ ಏನಾಗುತ್ತದೆ ಎಂಬುದನ್ನು ಈ ಗಡಿ ಸ್ವಂತ ಮಕ್ಕಳನ್ನು ಕಳೆದುಕೊಂಡು ಕಲಿತಿದೆ.

ಭಾರತದ ಧಾನ್ಯದ ಹೆಂಡಗಳು

ಧಾನ್ಯದ ಹೆಂಡಕ್ಕೆ ಹುದುಗಿನ ಬಿಲ್ಲೆ ಬಳಸುವ ವಿದ್ಯೆ ನಮ್ಮ ದೇಶದಲ್ಲೂ ಪ್ರಾಚೀನ. ಕೌಟಿಲ್ಯನ ‘ಅರ್ಥಶಾಸ್ತ್ರ’ದ ಸುರಾಧ್ಯಕ್ಷ ಪ್ರಕರಣದಲ್ಲಿ ಅಕ್ಕಿಯಿಂದ ಮಾಡುವ ಮೇದಕ ಎಂಬ ಮದ್ಯದ ಅಳತೆಯಿದೆ. ಅದಕ್ಕೆ ಹಾಕುವ ಹುದುಗನ್ನು ಉದ್ದಿನ ಹಿಟ್ಟು, ಅಕ್ಕಿ, ಮೂಲಿಕೆ ಕೂಡಿಸಿ ಮಾಡುವ ಕ್ರಮವೂ ಇದೆ. ಹಬ್ಬ, ಶುಭಕಾರ್ಯಗಳಲ್ಲಿ ಕುಟುಂಬದವರು ಬಿಳಿ ಸುರೆಯನ್ನು ಮನೆಯಲ್ಲೇ ಮಾಡಿಕೊಳ್ಳಬಹುದು ಎಂಬ ವಿನಾಯಿತಿಯನ್ನೂ ಅಲ್ಲಿ ಕಾಣಬಹುದು.

ಜಾರ್ಖಂಡ್, ಒಡಿಶಾದ ಆದಿವಾಸಿಗಳ ಹಂಡಿಯಾ, ಅಸ್ಸಾಮಿನ ಸಾಜ್, ಅರುಣಾಚಲದ ಅಪೊಂಗ್ ಇವೆಲ್ಲ ಮಕ್ಕೊಲ್ಲಿಯ ಸೋದರರು. ಅಸ್ಸಾಮಿನ ದಿಮಾಸಾ ಜನರ ಜುಡಿಮಾಗೆ 2021ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ರಾಗಿಯ ಸೀಮೆಯವರಿಗೆ ಇನ್ನೂ ಹತ್ತಿರದ್ದು ಸಿಕ್ಕಿಂ, ಡಾರ್ಜಿಲಿಂಗ್ ಕಡೆಯ ತೊಂಗ್ಬಾ. ಬೇಯಿಸಿದ ಇಡೀ ರಾಗಿಗೆ ಮರ್ಚಾ ಎಂಬ ಬಿಲ್ಲೆ ಹಾಕಿ ಹುದುಗಿಸಿ, ಮರದ ಅಥವಾ ಬಿದಿರಿನ ಪಾತ್ರೆಗೆ ತುಂಬಿ, ಬಿಸಿನೀರು ಹೊಯ್ದು ಕೊಳವೆಯಿಂದ ಹೀರುತ್ತಾರೆ. ಹಿಮಾಚಲದ ಕುಲ್ಲು ಕಣಿವೆಯ ಸೂರ್ ಕೂಡ ರಾಗಿಯದೇ.

ಅಂಬಲಿ, ಅಮಲಿಲ್ಲದ ಹುದುಗು

ಹೊಸೂರು ಸೀಮೆಯ ರಾಗಿ ಹಿಡಿದದ್ದು ಬೇರೆ ದಾರಿ. ರಾಗಿ ಹಿಟ್ಟನ್ನು ನೀರಿನಲ್ಲಿ ಕದಡಿ ರಾತ್ರಿಯಿಡೀ ಹುಳಿಯಲು ಬಿಟ್ಟು, ಬೆಳಿಗ್ಗೆ ನುಚ್ಚಿನ ಜೊತೆ ಬೇಯಿಸಿ, ಆರಿದ ಮೇಲೆ ಮಜ್ಜಿಗೆ, ಉಪ್ಪು, ಈರುಳ್ಳಿ ಹಾಕಿ ಕುಡಿಯುವ ಹುಳಿ ಅಂಬಲಿ ಇಲ್ಲಿನ ಬೇಸಿಗೆಯ ಬಲ. ತಮಿಳರ ಮನೆಗಳಲ್ಲಿ ಅದೇ ಕೂಳು. ಆಡಿ ಮಾಸದಲ್ಲಿ ಮಾರಿಯಮ್ಮನ ಗುಡಿಯ ಮುಂದೆ ಹಂಡೆಗಟ್ಟಲೆ ಕಾಯಿಸಿ ಹಂಚುತ್ತಾರೆ. ಇಲ್ಲಿ ಮುಂದಾಳು ಲ್ಯಾಕ್ಟಿಕ್ ಬ್ಯಾಕ್ಟೀರಿಯಾ. ಅದು ಹಿಟ್ಟನ್ನು ಹುಳಿ ಮಾಡುವುದರ ಜೊತೆಗೆ ರಾಗಿಯಲ್ಲಿರುವ ಫೈಟಿಕ್ ಆಮ್ಲವನ್ನು ತಗ್ಗಿಸಿ, ಕಬ್ಬಿಣ, ಸುಣ್ಣದ ಅಂಶ ಮೈಗೆ ಹತ್ತಲು ನೆರವಾಗುತ್ತದೆ.

ಕೊರಿಯಾದಲ್ಲೂ ಇಂಥದ್ದೊಂದುಂಟು: ಮೊಳಕೆ ಬಾರ್ಲಿಯ ನೀರಿನಲ್ಲಿ ಅನ್ನವನ್ನು ಬೆಚ್ಚಗಿಟ್ಟು ಸಿಹಿಯಾಗಿಸುವ ಸಿಖ್ಯೆ. ಅದರಲ್ಲಿ ಅಮಲಿಲ್ಲ, ಮಕ್ಕಳೂ ಹಬ್ಬದಲ್ಲಿ ಕುಡಿಯುತ್ತಾರೆ. ಮೊಳಕೆ ರಾಗಿಯಿಂದ ಅಂಥ ಪಾನೀಯ ಮಾಡುವುದು ಉದ್ದನಪಲ್ಲಿಯ ಯಾವ ಅಡುಗೆಮನೆಗೂ ಕಷ್ಟವಲ್ಲ.

ತಿಳಿದಿರಬೇಕಾದ ಸಂಗತಿಗಳು

ಮಕ್ಕೊಲ್ಲಿ ಮನೆಯಲ್ಲಿ ಮಾಡಲು ಕೊರಿಯಾದಲ್ಲಿ ಅಡ್ಡಿಯಿಲ್ಲ. ತಮಿಳುನಾಡಿನಲ್ಲಿ 1937ರ ಮದ್ಯನಿಷೇಧ ಕಾಯ್ದೆ, ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆ ಜಾರಿಯಲ್ಲಿರುವುದರಿಂದ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಸವಿಯಬೇಕೆನ್ನುವವರು ಕಾನೂನುಬದ್ಧವಾಗಿ ಮಾರುವ ಕಡೆಯಲ್ಲೇ ಸವಿಯಬೇಕು. ಮದ್ಯಕ್ಕೆ ಅಪಾಯವಿಲ್ಲದ ಪ್ರಮಾಣ ಎಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಮಕ್ಕೊಲ್ಲಿಯಲ್ಲಿ ಅನ್ನದ ಸತ್ವ, ಒಳ್ಳೆಯ ಬ್ಯಾಕ್ಟೀರಿಯಾ ಇದ್ದರೂ ಅದು ಮದ್ಯವೇ. ಬಸುರಿಯರು, ಬಾಣಂತಿಯರು, ಮಕ್ಕಳು, ಯಕೃತ್ತಿನ ತೊಂದರೆ ಇರುವವರು, ವಾಹನ ಓಡಿಸುವವರು ಮುಟ್ಟಬಾರದು. ನುರುಕ್ ಗೋಧಿಯದಾದ್ದರಿಂದ ಗೋಧಿ ಒಗ್ಗದವರಿಗೂ ಇದು ಸಲ್ಲದು.

ರಾಜಾಜಿಯವರ ಚಿಂತೆ ಸುಳ್ಳಲ್ಲ. ಕುಡಿತಕ್ಕೆ ಮನೆ ಹಾಳಾದವರ ಮಕ್ಕಳು ಇಂದಿಗೂ ಈ ಹಳ್ಳಿಗಳಲ್ಲಿದ್ದಾರೆ. ಕೊರಿಯಾದ ಪಾಠವೂ ಸುಳ್ಳಲ್ಲ. ಅವರು ಮಕ್ಕೊಲ್ಲಿಯನ್ನು ಉಳಿಸಿಕೊಂಡದ್ದು ಅಮಲಿಗಾಗಿ ಅಲ್ಲ, ಧಾನ್ಯ, ಬೂಷ್ಟು, ನೀರು, ಋತು ಇವುಗಳ ನಂಟನ್ನು ಅರಿತ ಕೈಗಳ ವಿದ್ಯೆಗಾಗಿ. ಮದ್ಯವನ್ನು ಬಿಡುವುದು ಒಳ್ಳೆಯದು. ಹುದುಗಿಸುವ ವಿದ್ಯೆಯನ್ನು ಬಿಟ್ಟರೆ ಮಾತ್ರ ನಷ್ಟ ನಮ್ಮದೇ. 2022–23ರಲ್ಲಿ ತಮಿಳುನಾಡು ಸರ್ಕಾರ ಕೃಷ್ಣಗಿರಿ, ಧರ್ಮಪುರಿ ಜಿಲ್ಲೆಗಳ ರೈತರಿಂದ ನೇರವಾಗಿ ರಾಗಿ ಕೊಳ್ಳಲು ಶುರುಮಾಡಿತು; ರಾಗಿಗೆ ಮತ್ತೆ ಬೆಲೆ ಬಂದಿರುವ ಕಾಲ ಇದು. ಹುಳಿ ಅಂಬಲಿಯ ಹದ, ರಾಗಿ ಮೊಳಕೆ ಕಟ್ಟುವ ಕ್ರಮ, ಗಡಿಗೆಗೆ ಸುಣ್ಣ ಬಳಿಯುವ ಲೆಕ್ಕ ಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳಬೇಕು. ಕೊರಿಯನ್ನರು ಎರಡು ತಲೆಮಾರು ತಡವಾಗಿ ಮಾಡಿದ ಕೆಲಸವನ್ನು ನಾವು ಈಗಲೇ ಮಾಡಬಹುದು.